ಸಂಜೆ ಆರಕ್ಕೆ ಎಳೆದ ಶಟರ್: 2022ರ ದಕ್ಷಿಣ ಕನ್ನಡ ರಾತ್ರಿ ನಿರ್ಬಂಧದ ಒಂದು ಪ್ರಕರಣ ಅಧ್ಯಯನ

ಸುಳ್ಯ ತಾಲೂಕಿನ ಕಳಂಜದಲ್ಲಿ 2022ರ ಜುಲೈ 19ರಂದು ಹಲ್ಲೆಗೊಳಗಾದ ಹದಿಹರೆಯದ ಹುಡುಗನೊಬ್ಬ ಎರಡು ದಿನಗಳ ಬಳಿಕ ತೀರಿಕೊಂಡ. ಜುಲೈ 26ರ ರಾತ್ರಿ ಅದೇ ಪರಿಸರದ ಬೆಳ್ಳಾರೆಯಲ್ಲಿ, ಕೋಳಿ ಅಂಗಡಿಗೆ ಬಾಗಿಲು ಹಾಕಿ ಮನೆಗೆ ಹೊರಡುತ್ತಿದ್ದ ರಾಜಕೀಯ ಪಕ್ಷವೊಂದರ ಯುವ ಕಾರ್ಯಕರ್ತನನ್ನು ಬೈಕಿನಲ್ಲಿ ಬಂದವರು ಕಡಿದು ಕೊಂದರು. ಜುಲೈ 28ರಂದು ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಬೆಳ್ಳಾರೆಯ ಆ ಮನೆಗೆ ಬಂದು ಸಾಂತ್ವನ ಹೇಳಿದ ದಿನವೇ, ರಾತ್ರಿ ಎಂಟರ ಹೊತ್ತಿಗೆ, ಸುರತ್ಕಲ್ ಪೇಟೆಯ ಬಟ್ಟೆ ಅಂಗಡಿಯೊಂದರ ಎದುರು 23 ವರ್ಷದ ಇನ್ನೊಬ್ಬ ಯುವಕನನ್ನು ಕಾರಿನಲ್ಲಿ ಬಂದ ಮುಸುಕುಧಾರಿಗಳು ಕೊಂದರು. ಹತ್ತು ದಿನಗಳೊಳಗೆ ಮೂರು ಮನೆಗಳಲ್ಲಿ ಗಂಡುಮಕ್ಕಳ ಶವ ಇಳಿಸಲಾಯಿತು.

ಮೂರನೆಯ ಕೊಲೆಯ ಮರುದಿನದಿಂದ ಜಿಲ್ಲೆಯಲ್ಲಿ ಸಂಜೆ 6ರಿಂದ ಬೆಳಗ್ಗೆ 6ರವರೆಗೆ ಅಂಗಡಿ ಮುಂಗಟ್ಟುಗಳು ಮುಚ್ಚಿರಬೇಕೆಂಬ ಆದೇಶ ಜಾರಿಗೆ ಬಂತು. ಆಸ್ಪತ್ರೆ, ಔಷಧದಂಗಡಿ ಮುಂತಾದ ಅಗತ್ಯ ಸೇವೆಗಳಿಗೆ ವಿನಾಯಿತಿ ಇತ್ತು. ಮೊದಲು ಆಗಸ್ಟ್ 1ರವರೆಗೆ ಎಂದಿದ್ದದ್ದು ವಿಸ್ತರಣೆಯಾಗುತ್ತ ಆಗಸ್ಟ್ 8ರವರೆಗೆ ಬೆಳೆಯಿತು; ಕೊನೆಯ ಕೆಲವು ದಿನಗಳಲ್ಲಿ ಮುಚ್ಚುವ ವೇಳೆಯನ್ನು ರಾತ್ರಿ 9ಕ್ಕೆ ಸಡಿಲಿಸಲಾಯಿತು. ಈ ನಡುವೆ ಆಗಸ್ಟ್ 4ರಂದು, ರಾತ್ರಿ ಹೊತ್ತು ದ್ವಿಚಕ್ರ ವಾಹನಗಳಲ್ಲಿ ಗಂಡಸರು ಹಿಂಬದಿ ಸವಾರರಾಗಿ ಕೂರುವಂತಿಲ್ಲ ಎಂಬ ಪ್ರಕಟಣೆಯೂ ಹೊರಬಿದ್ದು, ಅದರ ಬೆನ್ನಿಗೇ ಹಿಂಪಡೆಯಲ್ಪಟ್ಟಿತು.

ಈ ಹನ್ನೊಂದು ದಿನಗಳನ್ನು ನಾನು ಪ್ರಕರಣವಾಗಿ ಎತ್ತಿಕೊಳ್ಳುವುದಕ್ಕೆ ಒಂದು ಕಾರಣವಿದೆ. ನಮ್ಮ ಕರಾವಳಿಯಲ್ಲಿ ಕೊಲೆಯಾದ ಮೇಲೆ ಕೊಲೆಗಾರರ ಬಗ್ಗೆ ಚರ್ಚೆಯಾಗುತ್ತದೆ, ಸತ್ತವರ ಧರ್ಮದ ಬಗ್ಗೆ ಚರ್ಚೆಯಾಗುತ್ತದೆ, ಪರಿಹಾರದ ಹಣದ ತಾರತಮ್ಯದ ಬಗ್ಗೆಯೂ ಆಗುತ್ತದೆ. ಕೊಲೆಗೂ ಕೊಲೆಗಾರರಿಗೂ ಯಾವ ಸಂಬಂಧವೂ ಇಲ್ಲದ ಲಕ್ಷಾಂತರ ಜನರ ಸಂಜೆಯನ್ನು ಒಂದು ಸಹಿಯಿಂದ ನಿಲ್ಲಿಸಿದ್ದರಿಂದ ಏನು ಸಾಧಿತವಾಯಿತು ಎಂಬ ಲೆಕ್ಕವನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೂ ಉತ್ತರಿಸಬೇಕಾದ ಹೊಣೆಯನ್ನು ಕಾನೂನು ಯಾರ ಮೇಲೂ ಹಾಕಿಲ್ಲ.

"ಸೆಕ್ಷನ್ ಹಾಕಿದ್ದಾರೆ"

ನಮ್ಮ ಕಡೆ ಇದಕ್ಕೆ ಜನ ಹೇಳುವುದು "ಸೆಕ್ಷನ್" ಎಂದೇ. "ಸುಳ್ಯದಲ್ಲಿ ಸೆಕ್ಷನ್ ಉಂಟಂತೆ" ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಅದು ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಕಲಂ. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ ಅದರ ಜಾಗಕ್ಕೆ ಬಂದಿದೆ. ಆ ಕಲಮಿನಲ್ಲಿ ಕರ್ಫ್ಯೂ ಎಂಬ ಪದವೇ ಇಲ್ಲ, ಐದು ಜನ ಸೇರಬಾರದು ಎಂಬ ಸಂಖ್ಯೆಯೂ ಇಲ್ಲ. ಅದರಲ್ಲಿರುವುದು ಇಷ್ಟೇ: ತಕ್ಷಣದ ತಡೆ ಅಗತ್ಯವೆಂದು ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಅನ್ನಿಸಿದರೆ, ಪ್ರಕರಣದ ಮುಖ್ಯ ಸಂಗತಿಗಳನ್ನು ನಮೂದಿಸಿ, ಒಬ್ಬ ವ್ಯಕ್ತಿಗೆ ಅಥವಾ ಒಂದು ಪ್ರದೇಶದ ಜನರಿಗೆ ನಿರ್ದಿಷ್ಟ ಕೆಲಸವನ್ನು ಮಾಡಬೇಡಿ ಎಂದು ಲಿಖಿತವಾಗಿ ಆದೇಶಿಸಬಹುದು. ತುರ್ತಿದ್ದರೆ ಎದುರಿನವರ ಮಾತು ಕೇಳದೆಯೂ ಆದೇಶಿಸಬಹುದು. ರಾಜ್ಯ ಸರ್ಕಾರ ವಿಸ್ತರಿಸದಿದ್ದರೆ ಅವಧಿ ಎರಡು ತಿಂಗಳು ಮೀರುವಂತಿಲ್ಲ. ಬಾಧಿತನಾದ ಯಾರೇ ಆದರೂ ಅರ್ಜಿ ಕೊಟ್ಟರೆ ದಂಡಾಧಿಕಾರಿ ಆದೇಶವನ್ನು ಬದಲಿಸಬಹುದು ಅಥವಾ ರದ್ದುಪಡಿಸಬಹುದು. ಅರ್ಜಿ ಕೊಟ್ಟವನಿಗೆ ಖುದ್ದಾಗಿಯೋ ವಕೀಲರ ಮೂಲಕವೋ ತನ್ನ ಮಾತು ಹೇಳಿಕೊಳ್ಳುವ ಅವಕಾಶವನ್ನು ಬೇಗನೆ ಕೊಡಬೇಕು. ಈ ಕೊನೆಯ ಅವಕಾಶ ಇದೆಯೆಂಬುದು ಅಂಗಡಿ ಇಟ್ಟವರಲ್ಲಿ ಎಷ್ಟು ಜನರಿಗೆ ಗೊತ್ತು? ನಾನು ಮಾತನಾಡಿಸಿದ ಒಬ್ಬರಿಗೂ ಗೊತ್ತಿರಲಿಲ್ಲ.

ಇನ್ನೊಂದು ತೊಡಕೂ ನಮ್ಮ ಜಿಲ್ಲೆಗೆ ವಿಶೇಷವಾದದ್ದು. 2010ರಲ್ಲಿ ಮಂಗಳೂರು ಪೊಲೀಸ್ ಕಮಿಷನರೇಟ್ ಬಂದ ಮೇಲೆ ನಗರ ಮತ್ತು ಸುತ್ತಲಿನ ಠಾಣೆಗಳ ವ್ಯಾಪ್ತಿಯಲ್ಲಿ ಈ ಅಧಿಕಾರ ಕಮಿಷನರ್ ಅವರ ಕೈಯಲ್ಲಿದೆ, ಉಳಿದ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಯ ಕೈಯಲ್ಲಿ. ಸುರತ್ಕಲ್ ಒಂದರಲ್ಲಿ, ಬೆಳ್ಳಾರೆ ಇನ್ನೊಂದರಲ್ಲಿ. ಮಂಗಳೂರಿನಿಂದ ಬಿ.ಸಿ. ರೋಡಿಗೆ ಹೊರಟ ಬಸ್ಸು ಮುಕ್ಕಾಲು ಗಂಟೆಯ ದಾರಿಯಲ್ಲಿ ಒಂದು ಅಧಿಕಾರವ್ಯಾಪ್ತಿಯನ್ನು ಬಿಟ್ಟು ಇನ್ನೊಂದನ್ನು ಹೊಕ್ಕಿರುತ್ತದೆ. ಒಬ್ಬರು ಪೊಲೀಸ್ ಅಧಿಕಾರಿ, ಇನ್ನೊಬ್ಬರು ಆಡಳಿತಾಧಿಕಾರಿ. ಕಮಿಷನರೇಟ್ ವ್ಯಾಪ್ತಿಯಲ್ಲಿ ನಿರ್ಬಂಧ ಬೇಕೆನ್ನುವ ಇಲಾಖೆಯೂ ಅದನ್ನು ಹೊರಡಿಸುವ ದಂಡಾಧಿಕಾರಿಯೂ ಒಂದೇ ಕಟ್ಟಡದಲ್ಲಿರುತ್ತಾರೆ. ಬೇಡಿಕೆಯನ್ನು ಹೊರಗಿನ ಕಣ್ಣಿನಿಂದ ಅಳೆಯುವವರು ಅಲ್ಲಿ ಇಲ್ಲ. ಇದು ವ್ಯಕ್ತಿಗಳ ಮೇಲಿನ ದೂರಲ್ಲ, ವ್ಯವಸ್ಥೆಯೊಳಗಿನ ಕೊರತೆ.

ಉಲ್ಲಂಘಿಸಿದರೆ ಏನು? ಆಗ ಭಾರತೀಯ ದಂಡ ಸಂಹಿತೆಯ 188ನೇ ಕಲಮಿನಡಿ ಸಾಮಾನ್ಯ ಸಂದರ್ಭದಲ್ಲಿ ಒಂದು ತಿಂಗಳವರೆಗಿನ ಸಾದಾ ಸಜೆ ಅಥವಾ 200 ರೂಪಾಯಿವರೆಗಿನ ದಂಡ, ಪ್ರಾಣಾಪಾಯಕ್ಕೋ ಗಲಭೆಗೋ ಎಡೆಮಾಡಿದರೆ ಆರು ತಿಂಗಳು ಅಥವಾ 1,000 ರೂಪಾಯಿ. ಓದುವುದಕ್ಕೆ ದೊಡ್ಡ ಶಿಕ್ಷೆಯಲ್ಲ. ಆದರೆ ಸಂಜೆ ಆರೂಕಾಲಕ್ಕೆ ಅಂಗಡಿ ಎದುರು ಜೀಪು ನಿಂತಾಗ ಯಾರೂ ಕಲಮಿನ ಲೆಕ್ಕ ಹಾಕುವುದಿಲ್ಲ. ಕೇಸು ಎಂಬ ಪದ, ಠಾಣೆಗೆ ಅಲೆಯುವ ದಿನಗಳು, ಪಾಸ್‌ಪೋರ್ಟಿಗೆ ಪೊಲೀಸ್ ವರದಿ ಬೇಕಾದಾಗ ಎದುರಾಗುವ ಪ್ರಶ್ನೆ, ಗಲ್ಫ್‌ಗೆ ಮಗನನ್ನು ಕಳಿಸಬೇಕೆಂದಿರುವ ಮನೆಯ ಹೆದರಿಕೆ, ಇವೇ ಇಲ್ಲಿಯ ನಿಜವಾದ ಶಿಕ್ಷೆ.

ಗೋಳಿಬಜೆಯ ಹಿಟ್ಟು

ಮಂಗಳೂರಿನ ಹೊರವಲಯದಲ್ಲಿ, ಹೆದ್ದಾರಿಯಿಂದ ಒಳಗೆ ತಿರುಗುವ ಮೂಲೆಯೊಂದರಲ್ಲಿ, ನಾನು ಹಲವು ವರ್ಷಗಳಿಂದ ಚಹಾ ಕುಡಿಯುವ ಗೂಡಂಗಡಿ ಇದೆ. ಗಂಡ ಚಹಾ ಮಾಡುತ್ತಾರೆ, ಹೆಂಡತಿ ಬಾಣಲೆಯ ಎದುರು. ಗೋಳಿಬಜೆಯ ಹಿಟ್ಟನ್ನು ಮಧ್ಯಾಹ್ನವೇ ಮೊಸರು ಹಾಕಿ ಕಲಸಿ ಮುಚ್ಚಿಡಬೇಕು. ಎರಡು ಮೂರು ಗಂಟೆ ಕೂತರೆ ಮಾತ್ರ ಬಜೆ ಒಳಗೆ ಹತ್ತಿಯ ಹಾಗೆ ಬರುತ್ತದೆ. ನಾಲ್ಕೂವರೆಗೆ ಎಣ್ಣೆ ಕಾಯುತ್ತದೆ. ಕೆಲಸ ಬಿಟ್ಟವರು, ಕಾಲೇಜಿನಿಂದ ಬಸ್ ಇಳಿದವರು, ಮನೆಗೆ ಕಟ್ಟಿಸಿಕೊಂಡು ಹೋಗುವವರು ಎಲ್ಲ ಬರುವುದು ಐದೂವರೆಯಿಂದ ಎಂಟರ ನಡುವೆ. ದಿನದ ಸಂಪಾದನೆಯೆಂದರೆ ಆ ಎರಡೂವರೆ ಗಂಟೆ.

ಜುಲೈ 29ರ ಶುಕ್ರವಾರ ಐದೂಮುಕ್ಕಾಲಕ್ಕೆ ಮೈಕ್ ಕಟ್ಟಿದ ಜೀಪು ಬಂತು. ಆಟಿ ತಿಂಗಳ ಮಳೆ, ರಸ್ತೆಯಲ್ಲಿ ಆಗಲೇ ಕತ್ತಲು ಕವಿದಿತ್ತು. ಆಕೆ ಪಾತ್ರೆಯ ಮುಚ್ಚಳ ತೆಗೆದು ತೋರಿಸಿದರು. ಹಿಟ್ಟು ಉಬ್ಬಿ ಅಂಚಿಗೆ ಬಂದಿತ್ತು, ಮೇಲೆ ಸಣ್ಣ ಸಣ್ಣ ಗುಳ್ಳೆ, ಶುಂಠಿಯ ಚೂರುಗಳು. ಅರ್ಧಕ್ಕಿಂತ ಹೆಚ್ಚು ಹಾಗೆಯೇ ಉಳಿದಿತ್ತು. "ಇದನ್ನು ನಾಳೆಗೆ ಇಡ್ಲಿಕ್ಕಾಗುದಿಲ್ಲ ಅಣ್ಣಾ, ಹುಳಿ ಬಂದ್ರೆ ಯಾರು ತಿಂತಾರೆ" ಎಂದರು. ಗಂಡ ಮಾತಾಡದೆ ಒಲೆ ಆರಿಸಿ, ಕಾದ ಎಣ್ಣೆಯನ್ನು ತಣಿಯಲು ಬಿಟ್ಟು, ಟಾರ್ಪಾಲಿನ ಹಗ್ಗ ಬಿಗಿಯತೊಡಗಿದರು. ಆ ಮನೆಯವರಿಗೆ ಬೆಳ್ಳಾರೆಯಲ್ಲಿ ಯಾರೂ ಇಲ್ಲ, ಸುರತ್ಕಲ್‌ನ ಕೊಲೆಯ ಸುದ್ದಿ ಮೊಬೈಲಿನಲ್ಲಿ ನೋಡಿ ಗೊತ್ತು. ಮರುದಿನದಿಂದ ಹಿಟ್ಟು ಮೂರನೆಯ ಒಂದು ಪಾಲಿಗೆ ಇಳಿಯಿತು.

ಇಂಥ ಸಂಜೆಗಳು ಜಿಲ್ಲೆಯಲ್ಲಿ ಎಷ್ಟು ಮುರಿದವೆಂದು ಎಣಿಸುವವರಿಲ್ಲ. ಆಗಸ್ಟ್ 1 ಯಾಂತ್ರೀಕೃತ ಮೀನುಗಾರಿಕೆಗೆ ಎರಡು ತಿಂಗಳ ನಿಷೇಧ ಮುಗಿದು ಹೊಸ ಋತು ತೆರೆಯುವ ದಿನ. ಮೀನು ಇಳಿಸುವ ದಕ್ಕೆಯ ಕೆಲಸ ಬೆಳಗಿನ ಆರಕ್ಕೆ ಕಾಯುವಂಥದ್ದಲ್ಲ, ಜಾವದಲ್ಲೇ ಶುರುವಾಗುವಂಥದ್ದು. ಆಗಸ್ಟ್ 2ರಂದು ನಾಗರ ಪಂಚಮಿ, 9ಕ್ಕೆ ಮೊಹರಂ. ಅದೇ ಆಗಸ್ಟ್ 1ರ ರಾತ್ರಿ ಸುಬ್ರಹ್ಮಣ್ಯ, ಹರಿಹರ ಪಲ್ಲತ್ತಡ್ಕ ಕಡೆ ಭಾರೀ ಮಳೆ ಸುರಿದು, ಮನೆಯ ಮೇಲೆ ಗುಡ್ಡ ಕುಸಿದು ಇಬ್ಬರು ಮಕ್ಕಳು ತೀರಿಕೊಂಡರು. ಊರಿನ ಬದುಕು ಆದೇಶದ ಅವಧಿ ಮುಗಿಯಲಿ ಎಂದು ಕಾಯುವುದಿಲ್ಲ. ವಿನಾಯಿತಿಗಳಿದ್ದವು, ನಿಜ. ಆದರೆ ವಿನಾಯಿತಿ ಇರುವುದು ಆದೇಶದ ಪುಟದಲ್ಲಿ. ಅದನ್ನು ಗುರುತಿಸಬೇಕಾದವರು ಮಳೆಯಲ್ಲಿ ನೆನೆಯುತ್ತ ಚೆಕ್‌ಪೋಸ್ಟಿನಲ್ಲಿ ನಿಂತ, ಬೇರೆ ಜಿಲ್ಲೆಯಿಂದ ಬಂದೋಬಸ್ತಿಗೆ ಬಂದ ಸಿಬ್ಬಂದಿ. ಐಸ್ ಪ್ಲಾಂಟಿಗೆ ಹೋಗುವ ಕೂಲಿಯವನು "ನಾನು ಅಗತ್ಯ ಸೇವೆ" ಎಂದು ಹೇಳಿ ನಂಬಿಸುವುದು ಹೇಗೆ?

ಆಡಳಿತದ ಪರವಾಗಿ ಹೇಳಬೇಕಾದದ್ದು

ಇಷ್ಟು ಹೇಳಿದ ಮೇಲೆ, ಆದೇಶ ಹೊರಡಿಸಿದವರ ಜಾಗದಲ್ಲಿ ನಿಂತು ನೋಡದಿದ್ದರೆ ಅಧ್ಯಯನ ಅನ್ಯಾಯದ್ದಾಗುತ್ತದೆ. ಜುಲೈ 27ರಂದು ಬೆಳ್ಳಾರೆಯಲ್ಲಿ ಅಂತಿಮ ದರ್ಶನಕ್ಕೆ ಸೇರಿದ್ದ ಜನರ ಸಿಟ್ಟು ಎಲ್ಲಿಗೆ ಮುಟ್ಟಿತ್ತೆಂದರೆ, ಸ್ವಂತ ಪಕ್ಷದ ರಾಜ್ಯಾಧ್ಯಕ್ಷ ನಳಿನ್ ಕುಮಾರ್ ಕಟೀಲ್ ಅವರ ಕಾರನ್ನೇ ಕಾರ್ಯಕರ್ತರು ಸುತ್ತುವರಿದು ಅಲುಗಾಡಿಸಿದ್ದರು. ಪೊಲೀಸರು ಲಾಠಿ ಬೀಸಬೇಕಾಯಿತು. ಮರುದಿನವೇ ಸುರತ್ಕಲ್‌ನ ಕೊಲೆ. ಒಂದಕ್ಕೆ ಒಂದು ಉತ್ತರವಾಗುತ್ತಿದೆ, ನಾಲ್ಕನೆಯದು ಎಲ್ಲಿ ಎಂಬ ಭಯ ಕಲ್ಪಿತವಾಗಿರಲಿಲ್ಲ. ಜುಲೈ 29ರ ಶುಕ್ರವಾರದ ನಮಾಜನ್ನು ಮನೆಯಲ್ಲೇ ಮಾಡಿಕೊಳ್ಳಿ ಎಂದು ಪೊಲೀಸ್ ಕಮಿಷನರ್ ಎನ್. ಶಶಿಕುಮಾರ್ ಮುಸ್ಲಿಂ ಮುಖಂಡರಲ್ಲಿ ಕೋರಿದ್ದೂ ಇದೇ ಭಯದಿಂದ. ಕೋರಿಕೆ ಮತ್ತು ಆದೇಶದ ನಡುವಿನ ವ್ಯತ್ಯಾಸ ಅಂಥ ಗಳಿಗೆಯಲ್ಲಿ ತೆಳುವಾಗುತ್ತದೆ, ಆದರೂ ಕೋರಿಕೆಯನ್ನು ಕೋರಿಕೆಯಾಗಿಯೇ ಇಟ್ಟದ್ದನ್ನು ನಾನು ಒಳ್ಳೆಯದೆಂದೇ ಭಾವಿಸುತ್ತೇನೆ.

ಹಳೆಯ ನೆನಪೂ ಅಧಿಕಾರಿಗಳ ಬೆನ್ನ ಹಿಂದಿತ್ತು. 1998ರ ಡಿಸೆಂಬರಿನ ಸುರತ್ಕಲ್ ಗಲಭೆಯನ್ನು ಕಂಡವರು ಇನ್ನೂ ಆ ದಿನಗಳಿಂದ ವರ್ಷ ಎಣಿಸುತ್ತಾರೆ. 2006ರ ಅಕ್ಟೋಬರಿನಲ್ಲಿ ಮಂಗಳೂರಿಗೆ ದಿನಗಟ್ಟಲೆ ಕರ್ಫ್ಯೂ ಬಿದ್ದಿತ್ತು. 2019ರ ಡಿಸೆಂಬರ್ 19ರಂದು ಪೌರತ್ವ ತಿದ್ದುಪಡಿ ಕಾಯಿದೆಯ ವಿರುದ್ಧದ ಪ್ರತಿಭಟನೆಯ ವೇಳೆ ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದರು, ನಗರಕ್ಕೆ ಕರ್ಫ್ಯೂ ಬಂತು, ಜಿಲ್ಲೆಯಲ್ಲಿ ಇಂಟರ್ನೆಟ್ ನಿಂತಿತು. ಅದಾದ ಮೂರೇ ತಿಂಗಳಿಗೆ ಕೊರೊನಾ. 2022ರ ಜನವರಿ ಕೊನೆಯವರೆಗೂ ರಾಜ್ಯದಲ್ಲಿ ಸೋಂಕಿನ ಹೆಸರಲ್ಲಿ ರಾತ್ರಿ ಕರ್ಫ್ಯೂ ಇತ್ತು. ನನಗೆ ಅನ್ನಿಸುವುದು, ಜುಲೈ ತಿಂಗಳ ಆದೇಶ ಅಷ್ಟು ಸಲೀಸಾಗಿ ಬಂದದ್ದಕ್ಕೂ ಜನ ಅಷ್ಟು ಸಲೀಸಾಗಿ ಶಟರ್ ಎಳೆದದ್ದಕ್ಕೂ ಈ ಎರಡು ವರ್ಷಗಳ ರೂಢಿಯೇ ದೊಡ್ಡ ಕಾರಣ. ಸೋಂಕು ತಡೆಯಲು ಕಲಿತ ಉಪಾಯವನ್ನು ಅಪರಾಧ ತಡೆಯಲು ಬಳಸಲಾಯಿತು. ಜನ ಒಂದೆಡೆ ಸೇರಿದರೆ ಸೋಂಕು ಹರಡುತ್ತದೆ. ಹೊಂಚು ಹಾಕಿದ ಕೊಲೆಗೆ ಬೇಕಾದದ್ದು ಜನ ಸೇರುವುದಲ್ಲ, ಒಬ್ಬಂಟಿಯಾಗಿ ಸಿಗುವ ಒಬ್ಬ ಮನುಷ್ಯ.

ಆದ್ದರಿಂದ ನನ್ನ ತೀರ್ಮಾನ ಎರಡು ಭಾಗದ್ದು. ಶವಯಾತ್ರೆ, ಪ್ರತೀಕಾರದ ಗುಂಪು, ಕಲ್ಲುತೂರಾಟದ ಭಯವಿದ್ದ ಮೊದಲ ಮೂರು ನಾಲ್ಕು ದಿನಗಳ ಮಟ್ಟಿಗೆ, ಅದೂ ಸುರತ್ಕಲ್, ಬೆಳ್ಳಾರೆ, ಸುಳ್ಯ, ಪುತ್ತೂರು ಕಡೆಗಳಲ್ಲಿ, ಗುಂಪು ಸೇರುವುದನ್ನು ತಡೆದದ್ದು ಸಮರ್ಥನೀಯ. ಪೊಲೀಸರಿಗೆ ಉಸಿರು ತಿರುಗಿಸಿಕೊಳ್ಳಲು ಸಮಯ ಬೇಕಿತ್ತು. ಅಲ್ಲಿಂದಾಚೆಗಿನ ವಿಸ್ತರಣೆಯನ್ನು, ಮತ್ತು ಅದು ಬೆಳ್ತಂಗಡಿಯ ಹಳ್ಳಿಯಿಂದ ತಲಪಾಡಿಯ ಗಡಿಯವರೆಗೆ ಒಂದೇ ಗಡಿಯಾರಕ್ಕೆ ಎಲ್ಲರನ್ನೂ ಕಟ್ಟಿದ್ದನ್ನು, ನಾನು ಒಪ್ಪಲಾರೆ.

ಗಡಿಯಾರ ಹಿಡಿದದ್ದು ಯಾರನ್ನು

ಅಪರಾಧ ನಿಯಂತ್ರಣದ ಕ್ರಮವನ್ನು ಅಪರಾಧದ ಸ್ವರೂಪದ ಪಕ್ಕದಲ್ಲಿಟ್ಟು ನೋಡಬೇಕು. ಜುಲೈ 26 ಮತ್ತು 28ರ ಎರಡೂ ಕೊಲೆಗಳು ನಡೆದದ್ದು ರಾತ್ರಿ ಎಂಟರ ಆಸುಪಾಸಿನಲ್ಲಿ ಎಂಬುದು ಆರು ಗಂಟೆಯ ಮಿತಿಗೆ ಮೇಲ್ನೋಟದ ಸಮರ್ಥನೆ. ಆದರೆ ಇದೇ ಜಿಲ್ಲೆಯ ದ್ವೇಷದ ಕೊಲೆಗಳ ಸರಣಿಯನ್ನು ಸ್ವಲ್ಪ ಹಿಂದಿನಿಂದ ನೋಡಿದರೆ ವೇಳೆಯ ಈ ತರ್ಕ ನಿಲ್ಲುವುದಿಲ್ಲ. 2017ರ ಜೂನ್ 21ರಂದು ಬಂಟ್ವಾಳ ತಾಲೂಕಿನ ಬೆಂಜನಪದವಿನಲ್ಲಿ ಆಟೋ ಚಾಲಕನಾಗಿದ್ದ ರಾಜಕೀಯ ಕಾರ್ಯಕರ್ತನ ಕೊಲೆಯಾದದ್ದು ಬೆಳಗಿನ ಹೊತ್ತು. 2018ರ ಜನವರಿ 3ರಂದು ಕಾಟಿಪಳ್ಳದಲ್ಲಿ ಯುವಕನ ಕೊಲೆಯಾದದ್ದು ಹಾಡಹಗಲು. ಈಚೆಗೆ, 2025ರ ಮೇ 27ರಂದು ಬಂಟ್ವಾಳದ ಕೊಳ್ತಮಜಲಿನಲ್ಲಿ ಮರಳು ಇಳಿಸುತ್ತಿದ್ದ ಪಿಕಪ್ ಚಾಲಕನನ್ನು ಕೊಂದದ್ದೂ ಹಗಲು ಹೊತ್ತಿನಲ್ಲೇ. 2017ರ ಬೇಸಿಗೆ ಕೊನೆಯಿಂದ ಬಂಟ್ವಾಳದಲ್ಲಿ ನಿಷೇಧಾಜ್ಞೆಯ ಮೇಲೆ ನಿಷೇಧಾಜ್ಞೆ ಬಂದಿತ್ತು. ಜುಲೈ 4ರ ರಾತ್ರಿ ಬಿ.ಸಿ. ರೋಡಿನಲ್ಲಿ ತನ್ನ ಲಾಂಡ್ರಿಯ ಬಾಗಿಲಲ್ಲೇ ಒಬ್ಬ ಯುವಕ ಮಾರಣಾಂತಿಕ ಹಲ್ಲೆಗೊಳಗಾದ; ಅದರ ಬೆನ್ನಿಗೆ ನಡೆದ ಪ್ರತಿಭಟನೆಗೆ ನಿಷೇಧಾಜ್ಞೆ ಅಡ್ಡಿಯಾಗಲಿಲ್ಲ. ಆಜ್ಞೆಯನ್ನು ಮೀರುವ ಸಂಘಟಿತ ಬಲವುಳ್ಳವರು ಮೀರುತ್ತಾರೆ. ಪಾಲಿಸುವವರು ಹೇಗೂ ಪಾಲಿಸುತ್ತಿದ್ದವರೇ.

ಹಿಂಬದಿ ಸವಾರರ ಮೇಲಿನ ನಿರ್ಬಂಧವನ್ನು ಈ ಬೆಳಕಿನಲ್ಲಿ ನೋಡಬೇಕು. ಬೆಳ್ಳಾರೆಯಲ್ಲಿ ಬಂದವರು ಬೈಕಿನಲ್ಲಿ ಬಂದಿದ್ದರು ಎಂಬುದು ಅದರ ಹಿಂದಿನ ಯೋಚನೆಯಾಗಿರಬೇಕು. ಮಹಿಳೆಯರು, ಮಕ್ಕಳು, ಹಿರಿಯರಿಗೆ ವಿನಾಯಿತಿ ಇಟ್ಟು, ದುಡಿಯುವ ವಯಸ್ಸಿನ ಗಂಡಸರನ್ನೆಲ್ಲ ಅದು ಒಂದೇ ಸಾಲಿನಲ್ಲಿ ನಿಲ್ಲಿಸಿತು. ಆದರೆ ಎರಡೇ ದಿನಗಳ ಅಂತರದಲ್ಲಿ ಸುರತ್ಕಲ್‌ಗೆ ಬಂದವರು ಬಂದದ್ದು ಕಾರಿನಲ್ಲಿ. ನಮ್ಮಲ್ಲಿ ಒಂದು ಬೈಕ್ ಎಂದರೆ ಇಬ್ಬರ ವಾಹನ. ಬೈಕಂಪಾಡಿಯ ಕಾರ್ಖಾನೆಗಳಿಂದ ಪಾಳಿ ಮುಗಿಸಿ ಬರುವವರು, ಕಟ್ಟಡ ಕೆಲಸದ ಮೇಸ್ತ್ರಿ ಮತ್ತು ಆತನ ಕೈಯಾಳು, ಕೊನೆಯ ಬಸ್ ತಪ್ಪಿದ ತಮ್ಮನನ್ನು ಕರೆದುಕೊಂಡು ಬರುವ ಅಣ್ಣ, ಇವರೆಲ್ಲರಿಗೂ ಹಿಂದಿನ ಸೀಟು ಬೇಕು. ಯಾರದೋ ಅಪರಾಧದ ಒಂದು ಹೊರ ಲಕ್ಷಣವನ್ನು ಹಿಡಿದು ಆ ಲಕ್ಷಣವಿರುವ ಎಲ್ಲರನ್ನೂ ಶಂಕಿತರನ್ನಾಗಿಸುವ ಯೋಚನೆ ಅದು. ಹಿಂಪಡೆದದ್ದು ಸರಿಯಾಯಿತು. ಅಷ್ಟು ಬೇಗ ಹಿಂಪಡೆಯಲು ಸಾಧ್ಯವಾಯಿತೆಂದರೆ ಹೊರಡಿಸುವ ಮೊದಲು ಅಗತ್ಯವನ್ನು ಎಷ್ಟು ಅಳೆಯಲಾಗಿತ್ತು ಎಂಬ ಪ್ರಶ್ನೆ ಉಳಿಯುತ್ತದೆ, ಮತ್ತು ಅದೇ ಪ್ರಶ್ನೆಯನ್ನು ಹಿಂಪಡೆಯದೆ ಉಳಿದ ನಿರ್ಬಂಧಕ್ಕೂ ಕೇಳಬೇಕಾಗುತ್ತದೆ.

ಹಾಗಾದರೆ ಆರೋಪಿಗಳು ಸಿಕ್ಕಿದ್ದು ಹೇಗೆ? ಸುರತ್ಕಲ್ ಪ್ರಕರಣದಲ್ಲಿ ಬಳಕೆಯಾದ ಕಾರು ಪಡುಬಿದ್ರಿ ಸಮೀಪದ ಇನ್ನಾದಲ್ಲಿ, ಅಂದರೆ ಉಡುಪಿ ಜಿಲ್ಲೆಯಲ್ಲಿ, ಬಿಟ್ಟುಹೋದ ಸ್ಥಿತಿಯಲ್ಲಿ ಸಿಕ್ಕಿತು. ಆಗಸ್ಟ್ ಆರಂಭದಲ್ಲೇ ಬಂಧನಗಳಾದವು. ದಾಳಿಯ ದೃಶ್ಯ ಸಿಸಿ ಕ್ಯಾಮೆರಾದಲ್ಲಿ ದಾಖಲಾಗಿತ್ತು. ಕಳಂಜದ ಪ್ರಕರಣದ ಆರೋಪಿಗಳು ರಾತ್ರಿ ನಿರ್ಬಂಧ ಬರುವ ಮೊದಲೇ ಬಂಧನದಲ್ಲಿದ್ದರು. ಬೆಳ್ಳಾರೆ ಪ್ರಕರಣದಲ್ಲಿ ನೇರವಾಗಿ ದಾಳಿ ಮಾಡಿದ ಆರೋಪ ಹೊತ್ತವರು ಸಿಕ್ಕಿದ್ದು ಆಗಸ್ಟ್ 11ರಂದು, ನಿರ್ಬಂಧ ಮುಗಿದ ಮೇಲೆ. ಆ ಪ್ರಕರಣದ ತನಿಖೆ ರಾಷ್ಟ್ರೀಯ ತನಿಖಾ ದಳದ ಕೈಗೆ ಹೋಯಿತು. ಕ್ಯಾಮೆರಾ, ಕಾರಿನ ಜಾಡು, ಠಾಣೆಯ ಸಿಬ್ಬಂದಿಯ ಓಡಾಟ, ಇವು ಕೆಲಸ ಮಾಡಿದವು. ಮುಚ್ಚಿದ ಅಂಗಡಿಗಳು ಇದರಲ್ಲಿ ಯಾವುದಕ್ಕೆ ನೆರವಾದವು ಎಂದು ತೋರಿಸುವುದು ಕಷ್ಟ. ರಸ್ತೆ ಖಾಲಿ ಇದ್ದುದರಿಂದ ವಾಹನ ತಪಾಸಣೆ ಸುಲಭವಾಯಿತು ಎನ್ನಬಹುದು. ಇನ್ನೊಂದೆಡೆ, ದೀಪ ಉರಿಯುವ ಅಂಗಡಿ, ಜಗಲಿಯ ಮೇಲೆ ಕೂತ ನಾಲ್ಕು ಜನ, ರಿಕ್ಷಾ ಸ್ಟ್ಯಾಂಡಿನ ಚಾಲಕರು, ಇವರೇ ನಮ್ಮ ಪೇಟೆಗಳ ಕಾವಲುಗಣ್ಣು. ಅವರನ್ನು ಮನೆಗೆ ಕಳಿಸಿದ ಬೀದಿ ಒಬ್ಬಂಟಿಯಾಗಿ ಮನೆಗೆ ಮರಳುವವನಿಗೆ ಹೆಚ್ಚು ಸುರಕ್ಷಿತವೇ? ಆ ದಿನಗಳಲ್ಲಿ ಏಳು ಗಂಟೆಗೆ ಖಾಲಿ ರಸ್ತೆಯಲ್ಲಿ ನಡೆದು ಬರುವಾಗ ಹಿಂದಿನಿಂದ ಬೈಕಿನ ಸದ್ದು ಕೇಳಿದರೆ ತಿರುಗಿ ನೋಡುವ ಅಭ್ಯಾಸ ನನಗೂ ಆಗಿತ್ತು.

ಆ ಹನ್ನೊಂದು ದಿನಗಳಲ್ಲಿ ಸರಣಿಯ ನಾಲ್ಕನೆಯ ಕೊಲೆ ನಡೆಯಲಿಲ್ಲ. ಅದಕ್ಕೆ ನಿರ್ಬಂಧವೇ ಕಾರಣ ಎನ್ನಲೂ ಅಲ್ಲ ಎನ್ನಲೂ ನಮ್ಮಲ್ಲಿ ಆಧಾರವಿಲ್ಲ, ಏಕೆಂದರೆ ಆಧಾರ ಸಂಗ್ರಹಿಸಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ.

ನ್ಯಾಯಾಲಯಗಳು ಹಾಕಿದ ಗೆರೆ

144ನೇ ಕಲಮನ್ನು ಸುಪ್ರೀಂ ಕೋರ್ಟ್ 1961ರಲ್ಲೂ 1970ರಲ್ಲೂ ಎತ್ತಿಹಿಡಿದಿದೆ. ಅಧಿಕಾರ ಇದೆ ಎಂಬುದರಲ್ಲಿ ವಿವಾದವಿಲ್ಲ. ಆದರೆ ಕಾಶ್ಮೀರದ ನಿರ್ಬಂಧಗಳ ಕುರಿತ ಅನುರಾಧಾ ಭಸೀನ್ ಪ್ರಕರಣದಲ್ಲಿ 2020ರ ಜನವರಿ 10ರಂದು ಅದೇ ನ್ಯಾಯಾಲಯ ಗೆರೆಗಳನ್ನು ಸ್ಪಷ್ಟವಾಗಿ ಎಳೆಯಿತು: ಆದೇಶದಲ್ಲಿ ಮುಖ್ಯ ಸಂಗತಿಗಳಿರಬೇಕು, ಅದು ಪ್ರಕಟವಾಗಬೇಕು, ಉದ್ದೇಶಕ್ಕೆ ತಕ್ಕ ಪ್ರಮಾಣದಲ್ಲಿರಬೇಕು, ಇರುವ ದಾರಿಗಳಲ್ಲಿ ಕಡಿಮೆ ಬಾಧಿಸುವುದನ್ನು ಆರಿಸಬೇಕು, ಮತ್ತೆ ಮತ್ತೆ ಅದನ್ನೇ ಹೊರಡಿಸುವುದು ಅಧಿಕಾರದ ದುರುಪಯೋಗ. ಒಂದು ತಿಂಗಳ ಬಳಿಕ, ಫೆಬ್ರವರಿ 13ರಂದು, ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಕರ್ನಾಟಕ ಹೈಕೋರ್ಟ್ ಪೀಠವು 2019ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ಹೇರಿದ್ದ ನಿಷೇಧಾಜ್ಞೆಯನ್ನು ಕಾನೂನುಬಾಹಿರವೆಂದಿತು. ಪೊಲೀಸ್ ವರದಿಗಳನ್ನು ಉಲ್ಲೇಖಿಸಿದರೆ ಸಾಲದು, ದಂಡಾಧಿಕಾರಿ ತನ್ನದೇ ವಿವೇಚನೆಯಿಂದ ಅಭಿಪ್ರಾಯಕ್ಕೆ ಬಂದದ್ದು ಆದೇಶದಲ್ಲೇ ಕಾಣಬೇಕು ಎಂಬುದು ಅದರ ಸಾರ.

ಆದರೆ ಆ ತೀರ್ಪು ಬಂದಾಗ ಬೆಂಗಳೂರಿನ ನಿಷೇಧಾಜ್ಞೆ ಮುಗಿದು ಸುಮಾರು ಎರಡು ತಿಂಗಳಾಗಿತ್ತು. ಮೂರು ದಿನದ ಆದೇಶವನ್ನು ಪ್ರಶ್ನಿಸಲು ಮೂರು ದಿನ ಸಾಲುವುದಿಲ್ಲ. ದಿನಕ್ಕೆ ಐನೂರು ರೂಪಾಯಿ ಉಳಿಸುವ ಗೂಡಂಗಡಿಯವರು ಹೈಕೋರ್ಟಿಗೆ ಬೆಂಗಳೂರಿಗೆ ಹೋಗುವುದಿಲ್ಲ. ಹೀಗಾಗಿ ಸಣ್ಣ ಅವಧಿಯ ಆದೇಶಗಳು, ಅವು ಎಷ್ಟೇ ಅಗಲವಾಗಿರಲಿ, ಪರೀಕ್ಷೆಗೆ ಒಳಗಾಗದೆ ತಪ್ಪಿಸಿಕೊಳ್ಳುತ್ತವೆ. ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ತಿರುಳು ಇಲ್ಲಿದೆ. ಆದ್ದರಿಂದ ಪರೀಕ್ಷೆಯನ್ನು ಆದೇಶದೊಳಗೇ ಕಟ್ಟಬೇಕು. ವಿಸ್ತರಿಸುವಾಗಲೆಲ್ಲ ಹಿಂದಿನ ಅವಧಿಯಲ್ಲಿ ಏನಾಯಿತು, ಎಷ್ಟು ಜನರ ಮೇಲೆ ಪ್ರಕರಣ ದಾಖಲಾಯಿತು, ಯಾವ ಠಾಣೆಯ ವ್ಯಾಪ್ತಿಯಲ್ಲಿ ಭಯ ಉಳಿದಿದೆ, ಯಾವುದನ್ನು ಬಿಡಬಹುದು ಎಂದು ಬರೆದೇ ವಿಸ್ತರಿಸಬೇಕು. ಆದೇಶ ಮುಗಿದ ಹದಿನೈದು ದಿನದೊಳಗೆ ಅದೇ ಅಧಿಕಾರಿ ಅದರ ವರದಿಯನ್ನು ಕನ್ನಡದಲ್ಲಿ ಸಾರ್ವಜನಿಕರ ಮುಂದಿಡಬೇಕು. ಗ್ರಾಮ ಪಂಚಾಯತಿಯ ಕುಡಿಯುವ ನೀರಿನ ಪೈಪಿಗೆ ಲೆಕ್ಕಪರಿಶೋಧನೆ ಇದೆ; ಇಡೀ ಜಿಲ್ಲೆಯ ಸಂಜೆಗೂ ಇರಲಿ.

ಎಲ್ಲರ ಮೇಲಿನ ನಿರ್ಬಂಧ ಬೇಡವೆಂದರೆ ಆಯ್ದವರ ಮೇಲಿನ ಕ್ರಮ ತಾನಾಗಿ ನ್ಯಾಯವಾಗುತ್ತದೆ ಎಂದೂ ನಾನು ಹೇಳುತ್ತಿಲ್ಲ. 2025ರ ಕೊಲೆಗಳ ನಂತರ ಜಿಲ್ಲೆಯಲ್ಲಿ ಪೊಲೀಸರ ದಾರಿ ಬದಲಾಯಿತು: ವಿಶೇಷ ಕಾರ್ಯಪಡೆ ಬಂತು, 36 ಮಂದಿಯ ಗಡಿಪಾರಿಗೆ ಪ್ರಕ್ರಿಯೆ ಶುರುವಾಯಿತು, ರಾತ್ರಿ ಹೊತ್ತು ಮನೆಗಳಿಗೆ ಹೋಗಿ ಫೋಟೊ ತೆಗೆಯುತ್ತಾರೆ ಎಂಬ ದೂರುಗಳೂ ಬಂದವು. ಗೂಡಂಗಡಿಯ ಸಂಜೆಯನ್ನು ಮುಟ್ಟದ ಈ ದಾರಿ ಹೆಚ್ಚು ಗುರಿಯುಳ್ಳದ್ದು ನಿಜ. ಆದರೆ ಗಡಿಪಾರಿಗೆ ಮೊದಲು ನೋಟಿಸು, ಉತ್ತರಿಸುವ ಅವಕಾಶ ಕೊಡಬೇಕೆಂದು ಕರ್ನಾಟಕ ಪೊಲೀಸ್ ಕಾಯಿದೆಯೇ ಹೇಳುತ್ತದೆ, ಮತ್ತು ರಾತ್ರಿ ಹೊತ್ತು ಮನೆ ಬಾಗಿಲು ತಟ್ಟುವ ಪೊಲೀಸ್ ನಿಗಾವನ್ನು ಸುಪ್ರೀಂ ಕೋರ್ಟ್ 1962ರಲ್ಲೇ, ಖರಕ್ ಸಿಂಗ್ ಪ್ರಕರಣದಲ್ಲಿ, ಅಸಿಂಧುಗೊಳಿಸಿದೆ. ಆ ಮನೆಯವರ ರಾಜಕೀಯ ನನಗೆ ಒಪ್ಪಿಗೆಯಾಗದಿದ್ದರೂ ಆ ಮನೆಯ ಬಾಗಿಲು ನನ್ನ ಮನೆಯ ಬಾಗಿಲಿನಷ್ಟೇ.

ನಿರ್ಬಂಧ ಆಗಸ್ಟ್ 8ಕ್ಕೆ ಮುಗಿಯಿತು. ಆ ವಾರಾಂತ್ಯ ಸಂಜೆ ಆರೂವರೆಗೆ ಗೂಡಂಗಡಿಗೆ ಹೋದೆ. ಬಾಣಲೆ ಕಾದಿತ್ತು, ಬೆಂಚಿನ ಮೇಲೆ ಇಬ್ಬರೇ ಇದ್ದರು. ಹಿಟ್ಟಿನ ಪಾತ್ರೆ ಚಿಕ್ಕದಾಗಿತ್ತು. "ಸೆಕ್ಷನ್ ತೆಗೆದ್ರಲ್ಲ, ದೊಡ್ಡ ಪಾತ್ರೆ ಇನ್ನೂ ತೆಗೀಲಿಲ್ವಾ ಅಕ್ಕಾ?" ಎಂದು ಕೇಳಿದೆ. "ಸೆಕ್ಷನ್ ತೆಗೆದ್ರು ಅಣ್ಣಾ. ಜನ ಎಲ್ಲಿ ಬರ್ತಾರೆ, ಕತ್ತಲಾದ್ರೆ ಮನೆಗೆ ಹೋಗ್ಲಿಕ್ಕೆ ಎಲ್ರಿಗೂ ಅವಸರ" ಎಂದು ಆಕೆ ಎಣ್ಣೆಯಿಂದ ಎತ್ತಿದ ಬಜೆಗಳನ್ನು ಜಾಲರಿಗೆ ಸುರಿದರು. ದೊಡ್ಡ ಪಾತ್ರೆ ಮತ್ತೆ ಬಾಣಲೆಯ ಪಕ್ಕಕ್ಕೆ ಬಂದದ್ದನ್ನು ನಾನು ಕಂಡದ್ದು ಚೌತಿ ಕಳೆದ ಮೇಲೆ, ಸೆಪ್ಟೆಂಬರಿನಲ್ಲಿ.